ಸವಾಯಿ ಗಂಧರ್ವರ ಮೌನ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಮಾರ್ಗದಲ್ಲಿರುವ ಕಡಕೊಳಕ್ಕೆ ಈಚೆಗೆ ಒಂದು ಸಂಜೆ ನಾವು ಹೋಗಿದ್ದೆವು. ಆ ರಾತ್ರಿ ಅಲ್ಲಿ ಪೌರಾಣಿಕ ನಾಟಕವೊಂದು ನಡೆಯತಕ್ಕದ್ದೆಂದು ಗೊತ್ತಾಗಿತ್ತು. ಚಪ್ಪರವೆದ್ದಿತ್ತು, ಸೀನರಿಗಳು ಬಂದಿಳಿದಿದ್ದವು, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಕುಳಿತಿದ್ದರು. ಗಂಟೆ ಒಂಬತ್ತು ಹೊಡೆದ ಮೇಲೆ, ದುರ್ಯೋಧನನ ಪಾತ್ರಧಾರಿಗೆ ಜ್ವರ ಬಂದು ಗಂಟಲು ಕಟ್ಟಿರುವುದರಿಂದ ಆಟವಿಲ್ಲವೆಂದು ಒಬ್ಬರು ಬಂದು ಹೇಳಿದರು. ನೆರೆದಿದ್ದ ಜನರಲ್ಲಿ ಕೆಲವರು ಇದು ಬರಿಯ ನೆಪವೆಂದರು. ಕೆಲವರು ಕೊಟ್ಟ ಚಂದಾ ಹಣವನ್ನು ಹಿಂದಕ್ಕೆ ಕೇಳಿದರು. ರೋಗಿಯು ಹೇಗಿದ್ದಾನೆಂದು ವಿಚಾರಿಸಿದವರನ್ನು ನಾವು ಕಾಣಲಿಲ್ಲ. ನಾವೂ ವಿಚಾರಿಸಲಿಲ್ಲ. ಸಂಜೆಯು ವ್ಯರ್ಥವಾಯಿತೆಂದು ಗೊಣಗಿಕೊಂಡೇ ಹಿಂದಿರುಗಿದೆವೆಂಬುದನ್ನು ವಾಚಕರಿಂದ ಮರೆಮಾಚಲಾರೆವು.

ಕಛೇರಿಯ ಗುಮಾಸ್ತರಿಗೆ ಜ್ವರ ಬಂದರೆ ರಜೆಯ ಅರ್ಜಿಯುಂಟು, ವೈದ್ಯರ ಸರ್ಟಿಫಿಕೇಟು ಉಂಟು. ಅವರ ಮೇಜಿನ ಕಾಗದಗಳು ನಾಲ್ಕು ದಿನ ಕಾದರೂ ಲೋಕವೇನೂ ಮುಳುಗುವುದಿಲ್ಲ. ನಟನಿಗೆ ಮಾತ್ರ ಕಾಯಿಲೆ ಬೀಳುವ ಅಧಿಕಾರವನ್ನು ನಾವು ಕೊಟ್ಟಿಲ್ಲ. ಟಿಕೀಟಿನ ಹಣದೊಡನೆ ಅವನ ಶರೀರವನ್ನೂ ಒಂದು ರಾತ್ರಿಯ ಮಟ್ಟಿಗೆ ಕ್ರಯಕ್ಕೆ ಪಡೆದವರಂತೆ ವರ್ತಿಸುತ್ತೇವೆ. ಹಿಂದಿರುಗುವ ದಾರಿಯಲ್ಲಿ ಕುಂದಗೋಳದ ರಾಮಭಾವು ಎಂಬುವರ ಜೀವನವು ನಮ್ಮ ಸ್ಮರಣೆಗೆ ಬಂದಿತು. ಸವಾಯಿ ಗಂಧರ್ವರೆಂದರೆ ಅವರನ್ನು ಅರಿಯದ ಸಂಗೀತಾಭಿಮಾನಿಗಳು ವಿರಳ.

ರಾಮಭಾವು ಅವರು 1886ನೆಯ ಇಸವಿ ಜನವರಿ 19ರಂದು ಧಾರವಾಡದ ಸೀಮೆಯಲ್ಲಿ ಜನಿಸಿದರು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ತಂದೆಯವರು ಅಲ್ಲಿನ ನಾಡಿಗೇರರ ಮನೆತನದಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದವರು. ಮಗನನ್ನು ಹುಬ್ಬಳ್ಳಿಯ ಶಾಲೆಗೆ ಕಳುಹಿಸಿದರು. ಓದು ಹತ್ತಲಿಲ್ಲ, ಹಾಡು ಹತ್ತಿತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಈ ಬಾಲಕನ ಕಂಠಕ್ಕೆ ಮೆಚ್ಚಿ, ಎಂಟು ವರ್ಷ ತಮ್ಮಲ್ಲಿಯೇ ಇದ್ದು ಕಲಿಯಬೇಕೆಂಬ ಕರಾರಿನ ಮೇಲೆ ಶಿಷ್ಯನನ್ನಾಗಿ ಸ್ವೀಕರಿಸಿದರು. ಈ ಖಾನ್ ಸಾಹೇಬರು ಮೈಸೂರಿಗೆ ಪರಕೀಯರಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆದರಕ್ಕೆ ಪಾತ್ರರಾಗಿ, ದಸರೆಯ ದಿನಗಳಲ್ಲಿ ಇಲ್ಲಿ ಹಾಡಿದವರು.

ಪ್ರಾಯವು ಬಂದಾಗ ಶಿಷ್ಯನ ಕಂಠವು ಒಡೆಯಿತು. ಮಧುರವಾಗಿದ್ದ ಬಾಲಧ್ವನಿಯು ಹೋಗಿ ಗಡುಸಾದ, ಹೇಳಿದಂತೆ ಕೇಳದ ಧ್ವನಿಯೊಂದು ಅದರ ಸ್ಥಾನದಲ್ಲಿ ಬಂದು ಕುಳಿತಿತು. ಗಾಯಕನಾಗಬೇಕೆಂದು ಮನೆ ಬಿಟ್ಟ ತರುಣನಿಗೆ ಇದಕ್ಕಿಂತ ದೊಡ್ಡ ವ್ಯಾಧಿ ಯಾವುದು? ಅವರು ಅದನ್ನು ಔಷಧದಿಂದ ಗೆಲ್ಲಲಿಲ್ಲ, ಸಾಧನೆಯಿಂದ ಗೆದ್ದರು. ಆದರೂ ಆರಂಭದಲ್ಲಿ ಸ್ವಲ್ಪ ಹೊತ್ತು ಆ ಕಂಠವು ತಡವರಿಸಿ, ಕಾವು ಏರಿದ ಮೇಲೆ ತೆರೆದುಕೊಳ್ಳುವ ಸ್ವಭಾವವು ಕಡೆಯವರೆಗೂ ಉಳಿಯಿತು. ಬೈಠಕ್ಕಿನಲ್ಲಿ ಕುಳಿತು ಹಾಡುವವನಿಗೆ ಕಂಠವು ಹದವಾಗುವವರೆಗೆ ವಿಲಂಬಿತದ ಆಶ್ರಯವಿದೆ. ಪರದೆ ಏಳುತ್ತಲೇ ಪದ ಎತ್ತಬೇಕಾದ ನಟನಿಗೆ ಆ ಸೌಕರ್ಯವೆಲ್ಲಿ ಬಂದಿತು!

ಹೀಗಿದ್ದೂ ಅವರು 1908ರಲ್ಲಿ ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿಯನ್ನು ಸೇರಿದರು. ಗುರುಗಳಿಗೆ ಇದು ಸಮ್ಮತವಿರಲಿಲ್ಲ. ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಭೂಮಿಕೆಗಳನ್ನು ಧರಿಸಿ, ವಿಶೇಷವಾಗಿ ಸೌಭದ್ರ ನಾಟಕದ ಸುಭದ್ರೆಯಾಗಿ, ಅವರು ಪ್ರಸಿದ್ಧಿಗೆ ಬಂದರು. ನಾರಾಯಣರಾವ್ ರಾಜಹಂಸರು ಆಗಲೇ ಬಾಲಗಂಧರ್ವರೆಂದು ಪ್ರಖ್ಯಾತರಾಗಿದ್ದುದರಿಂದ, ಅವರಿಗಿಂತ ಕಾಲುಪಾಲು ಮಿಗಿಲೆಂಬ ಅಭಿಮಾನದಿಂದ ರಸಿಕರು ನಮ್ಮ ಕುಂದಗೋಳದವರನ್ನು ಸವಾಯಿ ಗಂಧರ್ವರೆಂದು ಕರೆದರು. ಕನ್ನಡದ ಹುಡುಗನೊಬ್ಬನು ಕೀರ್ತಿಗಾಗಿ ಅನ್ಯಭಾಷೆಯ ರಂಗಕ್ಕೆ ಹೋಗಬೇಕಾಯಿತಲ್ಲವೆಂಬ ವ್ಯಥೆಯನ್ನು ಇಲ್ಲಿ ತೋಡಿಕೊಳ್ಳದೆ ಇರಲಾರೆವು. ಶಾಂತಕವಿಗಳು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿ ದುಡಿದಿದ್ದರೂ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವು ಅಷ್ಟಿಷ್ಟಾಗಿರಲಿಲ್ಲ.

ಆ ಕಾಲದ ಕಂಪೆನಿಯ ಬಾಳುವೆಯನ್ನು ಈಗಿನವರು ಊಹಿಸುವುದು ಕಷ್ಟ. ಧ್ವನಿವರ್ಧಕಗಳಿಲ್ಲ. ತಗಡಿನ ಥಿಯೇಟರಿನಲ್ಲಿ ಕಡೆಯ ಸಾಲಿನ ನಾಲ್ಕಾಣೆಯ ಪ್ರೇಕ್ಷಕನಿಗೂ ಕೇಳುವಂತೆ ರಾತ್ರಿ ಬಹುಹೊತ್ತಿನವರೆಗೆ ಹಾಡಬೇಕು. ಜನ ಮೆಚ್ಚಿದರೆ ಒನ್ಸ್ ಮೋರ್. ಒಂದೇ ಪದವನ್ನು ಮತ್ತೆ ಮತ್ತೆ ಹಾಡಬೇಕು. ಮರುದಿನ ನಿದ್ರೆ ಹರಿಯುವ ಮೊದಲೇ ತಾಲೀಮು. ಊರು ಮುಗಿದರೆ ಪೆಟ್ಟಿಗೆ ಪರದೆಗಳೊಡನೆ ರೈಲು. ಪಾತ್ರಧಾರಿಗಳು, ವಾದ್ಯದವರು, ಅಡಿಗೆಯವರು, ಪರದೆ ಎಳೆಯುವವರು, ಅಷ್ಟು ಸಂಸಾರಗಳ ಅನ್ನವು ಮುಖ್ಯ ಪಾತ್ರಧಾರಿಯ ಒಂದು ಗಂಟಲನ್ನು ಆಶ್ರಯಿಸಿರುತ್ತಿತ್ತು. ಆ ಗಂಟಲಿಗೆ ನೆಗಡಿಯಾದರೆ ಮಾಲೀಕರಿಗೆ ಸಾಲಗಾರರು ಕಾಣಿಸುತ್ತಿದ್ದರು. ಬದಲಿ ಪಾತ್ರಧಾರಿಯನ್ನು ಇಳಿಸಿದರೆ ಜನ ಗದ್ದಲವೆಬ್ಬಿಸುತ್ತಿದ್ದರು. ಏಕೆಂದರೆ ಅವರು ಬಂದದ್ದು ನಾಟಕಕ್ಕಲ್ಲ, ಆ ಹೆಸರಿಗೆ.

1911ರ ಮಾರ್ಚಿ 12ರಂದು ಮುಂಬಯಿಯಲ್ಲಿ ಮಾನಾಪಮಾನ ನಾಟಕದ ಮೊದಲ ಪ್ರಯೋಗವಿದ್ದಿತು. ಅದೇ ದಿನ ಬಾಲಗಂಧರ್ವರ ಶಿಶುವು ತೀರಿಕೊಂಡಿತ್ತು. ಅವರು ಆಟವನ್ನು ನಿಲ್ಲಿಸಗೊಡಲಿಲ್ಲ. ಭಾಮಿನಿಯ ವೇಷ ಹಾಕಿ ಹಾಡಿದರು. ಈ ಸಂಗತಿಯನ್ನು ಹೊಗಳಿ ಹೇಳುವುದೇ ವಾಡಿಕೆ. ಕೇಳಿದಾಗಲೆಲ್ಲ ನಮಗೆ ಮೆಚ್ಚುಗೆಗಿಂತ ಸಂಕಟವೇ ಹೆಚ್ಚು. ಕೇಶವರಾವ್ ಭೋಸಲೆಯವರದು ಇದಕ್ಕಿಂತ ಕರುಣಾಜನಕವಾದುದು. 1908ರಲ್ಲಿ ಹುಬ್ಬಳ್ಳಿಯಲ್ಲಿಯೇ ಲಲಿತಕಲಾದರ್ಶ ಮಂಡಳಿಯನ್ನು ಸ್ಥಾಪಿಸಿದ ಈ ಮಹನೀಯರು, 1921ರ ಜುಲೈ 8ರಂದು ಬಾಲಗಂಧರ್ವರೊಡನೆ ಕೂಡಿ ತಿಲಕ್ ಸ್ವರಾಜ್ಯ ನಿಧಿಗಾಗಿ ಅದೇ ಮಾನಾಪಮಾನವನ್ನು ಆಡಿದರು. ಸ್ಪರ್ಧಿಗಳಾದ ಎರಡು ಮಂಡಳಿಗಳ ನಾಯಕರು ದೇಶಕಾರ್ಯಕ್ಕಾಗಿ ಒಂದೇ ರಂಗದ ಮೇಲೆ ನಿಂತ ಆ ರಾತ್ರಿಯು ರಂಗಭೂಮಿಯ ಚರಿತ್ರೆಯಲ್ಲಿ ಚಿರಸ್ಮರಣೀಯವಾದುದು. ಮೂರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 4ರಂದು, ವಿಷಮಶೀತಜ್ವರಕ್ಕೆ ತುತ್ತಾಗಿ ಕೇಶವರಾಯರು ಕಾಲವಾದರು. ವಯಸ್ಸು ಮೂವತ್ತೊಂದು. ಆ ಜ್ವರಕ್ಕೆ ನೇರವಾದ ಮದ್ದು ಆಗ ಇರಲಿಲ್ಲ. ಶುಶ್ರೂಷೆ, ಪಥ್ಯ, ವಿಶ್ರಾಂತಿ ಇವಿಷ್ಟೇ ಗತಿ. ಕಂಪೆನಿ ನಟನಿಗೆ ಇವುಗಳಲ್ಲಿ ಅತ್ಯಂತ ದುರ್ಲಭವಾದುದು ಯಾವುದೆಂದು ನಾವು ಹೇಳಬೇಕಾಗಿಲ್ಲ.

ಸವಾಯಿ ಗಂಧರ್ವರು ಇಂಥ ಕಾಲದಲ್ಲಿ ರಂಗದ ಮೇಲೆ ಬಾಳಿ ಬಂದರು. 1931ರಲ್ಲಿ ಟಾಕಿ ಬಂದ ಬಳಿಕ ನಾಟಕ ಮಂಡಳಿಗಳು ಒಂದೊಂದಾಗಿ ಸೊರಗಿದವು. ಅವರು ಬೈಠಕ್ಕಿನ ಗಾಯನದಲ್ಲಿಯೂ, ಕುಂದಗೋಳದಲ್ಲಿ ಶಿಷ್ಯರಿಗೆ ಪಾಠ ಹೇಳುವುದರಲ್ಲಿಯೂ ನಿರತರಾದರು. 1937ರ ಅಕ್ಟೋಬರ್ 27ರಂದು ಗುರುಗಳ ಅಂತ್ಯವಾಯಿತು. ಖಾನ್ ಸಾಹೇಬರು ಮದರಾಸಿನಿಂದ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ಹಾಡಲು ಹೊರಟಿದ್ದರು. ರೈಲಿನಲ್ಲಿ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ, ಹೆಚ್ಚುಕಡಿಮೆ ನಮ್ಮ ಕಡಕೊಳದಂಥ ಒಂದು ಸ್ಟೇಷನ್ನಿನಲ್ಲಿ, ಇಳಿದು, ಪ್ಲಾಟ್‌ಫಾರಮಿನ ಮೇಲೆ ಪ್ರಾರ್ಥನೆ ಸಲ್ಲಿಸಿ ಪ್ರಾಣಬಿಟ್ಟರು. ಪಾಂಡಿಚೇರಿಯ ಆ ಕಚೇರಿಯು ನಡೆಯಲಿಲ್ಲ.

ಗುರುವಿಗೆ ಮೃತ್ಯುವು ಒಂದು ರಾತ್ರಿಯಲ್ಲಿ ಬಂದರೆ ಶಿಷ್ಯನಿಗೆ ವ್ಯಾಧಿಯು ಹತ್ತು ವರ್ಷ ಕುಳಿತಿತು. 1942ರಲ್ಲಿ ರಾಮಭಾವು ಅವರಿಗೆ ಪಾರ್ಶ್ವವಾಯು ಬಡಿಯಿತು. ಆಗ ಅವರಿಗೆ ಐವತ್ತಾರು. ಗಾಯಕನ ವಿದ್ಯೆ ಪಕ್ವವಾಗಿ ಕೈಗೆ ಬರುವ ವಯಸ್ಸು. ಅಂದಿಗೆ ಸಭೆಯ ಗಾಯನವು ಮುಗಿಯಿತು. ಗ್ರಾಮಫೋನಿನ ತಟ್ಟೆಗಳಲ್ಲಿ ಹಿಂದೆ ಹಿಡಿದಿಟ್ಟಿದ್ದ ಆ ಕಂಠವನ್ನು ಜನರು ಮನೆಗಳಲ್ಲಿ ಕೇಳುತ್ತಿದ್ದಾಗ ಕಂಠದ ಒಡೆಯರು ಹಾಡಲಾರದೆ ಇದ್ದರು. ಶರೀರವು ಬಿಟ್ಟುಕೊಟ್ಟಷ್ಟರ ಮಟ್ಟಿಗೆ ಪಾಠವನ್ನು ಮಾತ್ರ ಅವರು ಬಿಡಲಿಲ್ಲ.

ಆ ಪಾಠದ ವಿಷಯವನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. 1936ರಲ್ಲಿ ಗದುಗಿನ ಕಡೆಯ ಭೀಮಸೇನ ಜೋಶಿ ಎಂಬ ಹದಿನಾಲ್ಕರ ಹುಡುಗನು ಅವರಲ್ಲಿಗೆ ಬಂದು ಸೇರಿದನು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಹಿಂದಿರುಗುತ್ತಿದ್ದರು. ಮನೆ, ಮಕ್ಕಳು, ಕಚೇರಿಗಳ ನಡುವೆ ನಡೆದ ಆ ಪ್ರಯಾಣಗಳು ಯಾವ ತೀರ್ಥಯಾತ್ರೆಗೂ ಕಡಿಮೆಯಲ್ಲ. ಗುರುಗಳು ಒಂದು ಸ್ವರಗುಚ್ಛವನ್ನು ಕೊಟ್ಟರೆ ಅದು ಕುದುರುವವರೆಗೆ ಮುಂದಿನದು ಇಲ್ಲ. ತಮ್ಮ ಕಂಠವನ್ನು ಅಂಗುಲ ಅಂಗುಲವಾಗಿ ಪಳಗಿಸಿಕೊಂಡವರು ಶಿಷ್ಯರ ವಿಷಯದಲ್ಲಿ ಆತುರಪಡುವರೇ? ಮುಂದೆ ಗಂಗೂಬಾಯಿಯವರಿಗೂ ಗಂಟಲಿನ ವ್ಯಾಧಿ ಬಂದು, ಶಸ್ತ್ರಚಿಕಿತ್ಸೆಯ ಬಳಿಕ ಅವರ ತೆಳುವಾದ ಧ್ವನಿಯು ಗಂಡುಧ್ವನಿಯಂತೆ ಗಂಭೀರವಾಯಿತು. ಆ ಬದಲಾದ ಧ್ವನಿಯಿಂದಲೇ ಅವರು ಭಾರತವನ್ನೆಲ್ಲ ಗೆದ್ದರು. ಒಡೆದ ಕಂಠವನ್ನು ಕಟ್ಟಿಕೊಂಡ ಗುರುವಿನ ಶಿಷ್ಯೆಯು ಹಾಗೆ ಮಾಡಿದುದು ನಮಗೆ ಆಶ್ಚರ್ಯವನ್ನುಂಟುಮಾಡುವುದಿಲ್ಲ.

1946ರ ಜನವರಿಯಲ್ಲಿ ಪುಣೆಯಲ್ಲಿ ಗುರುಗಳಿಗೆ ಅರವತ್ತು ತುಂಬಿದ ಸಮಾರಂಭವು ನಡೆಯಿತು. ಸ್ವಸ್ಥರಾಗಿದ್ದರೆ ಆ ಸಭೆಯಲ್ಲಿ ತಾವೇ ಹಾಡಬಹುದಾಗಿದ್ದವರು ನಾಲ್ಕು ವರ್ಷದಿಂದ ಸಭಾಗಾಯನವನ್ನು ಕಳೆದುಕೊಂಡಿದ್ದರು. ಇಪ್ಪತ್ತನಾಲ್ಕು ತುಂಬದ ಭೀಮಸೇನರು ಹಾಡಿದರು. ಅವರ ಕೀರ್ತಿಯು ನಾಡಿನಲ್ಲೆಲ್ಲ ಹಬ್ಬಿದುದು ಅಂದಿನಿಂದ.

1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ದೇಹಬಿಟ್ಟರು. ಮರುವರ್ಷ ಅಲ್ಲಿ ಆರಂಭವಾದ ಅವರ ಪುಣ್ಯಸ್ಮರಣೆಯ ಸಂಗೀತೋತ್ಸವವನ್ನು ಭೀಮಸೇನರು ಬಹುಕಾಲ ಹೆಗಲ ಮೇಲೆ ಹೊತ್ತು ನಡೆಸಿದರು. ಕುಂದಗೋಳದಲ್ಲಿಯೂ, ತಂದೆಯವರು ಲೆಕ್ಕ ಬರೆದ ನಾಡಿಗೇರರ ವಾಡೆಯಲ್ಲಿ ಅಹೋರಾತ್ರಿ ಸಂಗೀತವನ್ನು ನಡೆಸಿ ಅವರನ್ನು ನೆನೆಯುವ ಪದ್ಧತಿ ಬೆಳೆಯಿತು.

ಕಡಕೊಳದ ಆ ಪಾತ್ರಧಾರಿಯ ದೇಹಸ್ಥಿತಿಯನ್ನು ನಾವು ಮೂರು ದಿನ ತಡವಾಗಿ ವಿಚಾರಿಸಿದೆವು. ಜ್ವರವು ಬಿಟ್ಟಿದೆಯೆಂದೂ, ಗಂಟಲು ಇನ್ನೂ ತೆರೆದಿಲ್ಲವೆಂದೂ, ಆಟವನ್ನು ಮುಂದಿನ ತಿಂಗಳಿಗೆ ಹಾಕಿರುವರೆಂದೂ ತಿಳಿದುಬಂದಿತು.