ಹುಮನಾಬಾದಿನ ಶ್ರೀ ಮಾಣಿಕ ಪ್ರಭುಗಳು

ಯೂರೋಪಿನಲ್ಲಿ ಮಾರ್ಟಿನ್ ಲೂಥರನು 1517ರಲ್ಲಿ ಮತಸುಧಾರಣೆಯ ಕಹಳೆಯನ್ನೂದಿದ ಮೇಲೆ ಕ್ರೈಸ್ತಸಂಘವು ಒಡೆದು, ಪಂಥಪಂಥಗಳ ನಡುವೆ ರಕ್ತವೇ ಹರಿಯಿತು. ಅದಾದ ಮುನ್ನೂರು ವರ್ಷಗಳಿಗೆ, 1817ರಲ್ಲಿ, ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಶ್ರೀ ಮಾಣಿಕ ಪ್ರಭುಗಳು ಜನಿಸಿದರು. ಬಾಲ್ಯವನ್ನು ಕಳೆದುದು ಶರಣರು ನಡೆದಾಡಿದ ಕಲ್ಯಾಣದಲ್ಲಿ. ಹೊಣೆಯರಿಯದೆ ಅಲೆಯುವನೆಂದು ಸೋದರಮಾವನು ಗದರಲು ಮನೆಯನ್ನೇ ತೊರೆದರೆಂದು ಭಕ್ತರು ಹೇಳುವರು. ಬಹುಕಾಲ ಸಂಚರಿಸಿ ಹುಮನಾಬಾದಿನ ಬಳಿ ನೆಲೆನಿಂತರು, ಅದೇ ಮಾಣಿಕನಗರವಾಯಿತು.

ಯಾವ ಮತವೂ ಸುಳ್ಳಲ್ಲವೆಂಬುದೇ ಅವರು ಬೋಧಿಸಿದ ಸಕಲಮತ ಸಿದ್ಧಾಂತದ ತಿರುಳು. ನಿಜಾಮರ ಆಳ್ವಿಕೆಯ ಆ ಸೀಮೆಯಲ್ಲಿ ಇದು ಸುಲಭದ ಮಾತಾಗಿರಲಿಲ್ಲ. ತನ್ನ ಮತವನ್ನು ಬಿಡದೆಯೇ ನೆರೆಯವನ ಮತವನ್ನು ಮನ್ನಿಸುವುದು, ಮತಾಂತರಕ್ಕಿಂತಲೂ ಕಠಿಣವಾದ ಸಾಧನೆಯಲ್ಲವೆ? ದತ್ತಭಕ್ತರು ಅವರಲ್ಲಿ ದತ್ತನನ್ನೂ, ಲಿಂಗಾಯತರು ಬಸವಣ್ಣನನ್ನೂ, ಮುಸಲ್ಮಾನರು ಮಹಬೂಬ್ ಸುಭಾನಿಯನ್ನೂ ಕಂಡರು. ಕನ್ನಡ, ಮರಾಠಿ, ಹಿಂದುಸ್ತಾನಿ ಭಾಷೆಗಳಲ್ಲಿ ಪದಗಳನ್ನು ರಚಿಸಿದ ಪ್ರಭುಗಳು 1865ರಲ್ಲಿ ಮಾಣಿಕನಗರದಲ್ಲಿಯೇ ಸಮಾಧಿಸ್ಥರಾದರು.