ಮದರಾಸಿನಿಂದ ಮಂಗಳೂರಿಗೆ ಅಳೆದವರು: ವಿಲಿಯಂ ಲ್ಯಾಂಬ್ಟನ್



ಭೌತಶಾಸ್ತ್ರದ ಪರೀಕ್ಷೆಯಲ್ಲಿ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿ, ಕೊನೆಯಲ್ಲಿ ಏಕಮಾನ ಬರೆಯದೆ ಅಂಕ ಕಳೆದುಕೊಳ್ಳುವವರು ನಿಮ್ಮಲ್ಲಿ ಹಲವರು. ಅಷ್ಟು ಸಣ್ಣ ವಿಷಯಕ್ಕೆ ಅಂಕ ಕಡಿಯಬೇಕೇ ಎಂದು ನೀವು ಕೇಳಬಹುದು. ಉತ್ತರಕ್ಕಾಗಿ ಇನ್ನೂರು ವರ್ಷಗಳ ಹಿಂದೆ ನಮ್ಮ ಕರ್ನಾಟಕದ ನೆಲವನ್ನು ಅಳೆದ ಒಬ್ಬ ವ್ಯಕ್ತಿಯ ಬದುಕನ್ನು ಓದಿರಿ.

ವಿಲಿಯಂ ಲ್ಯಾಂಬ್ಟನ್ ಸುಮಾರು 1753ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಜನಿಸಿದರು. ಗಣಿತದಲ್ಲಿ ಆಸಕ್ತಿಯಿದ್ದ ಅವರು ಸೈನ್ಯ ಸೇರಿ ಅಮೆರಿಕದಲ್ಲಿ ಹಲವು ವರ್ಷ ಕಳೆದರು. ಬಳಿಕ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಶ್ರೀರಂಗಪಟ್ಟಣದ ಯುದ್ಧದಲ್ಲಿ ಅವರು ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿದ್ದರು. ಕೈಗೆ ಬಂದ ನಾಡಿನ ಸರಿಯಾದ ನಕಾಶೆ ಕಂಪನಿ ಸರಕಾರಕ್ಕೆ ಬೇಕಿತ್ತು. ಕಂದಾಯಕ್ಕೂ ಸೈನ್ಯಕ್ಕೂ ಅದು ಅಗತ್ಯ. ಲ್ಯಾಂಬ್ಟನ್ ಅವರಿಗಾದರೋ ಇನ್ನೊಂದು ಹಂಬಲವಿತ್ತು: ಭೂಮಿಯ ನಿಜವಾದ ಆಕಾರವನ್ನು ಅಳತೆಯಿಂದ ತಿಳಿಯುವುದು.

ಅವರ ವಿಧಾನ ನೀವು ಶಾಲೆಯಲ್ಲಿ ಕಲಿತ ತ್ರಿಕೋನದ ಗಣಿತವೇ. ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಅತ್ಯಂತ ನಿಖರವಾಗಿ ಅಳೆಯಬೇಕು. ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದಕ್ಕೆ ಕೋನಗಳನ್ನು ನೋಡಿದರೆ ತ್ರಿಕೋನದ ಉಳಿದ ಬಾಹುಗಳು ಲೆಕ್ಕದಿಂದಲೇ ಸಿಗುತ್ತವೆ. ಆ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ. ಹೀಗೆ ಗುಡ್ಡದಿಂದ ಗುಡ್ಡಕ್ಕೆ ಸಾಗಬಹುದು. ಆದರೆ ಮೊದಲ ಗೆರೆ ತಪ್ಪಿದರೆ ಮುಂದಿನದೆಲ್ಲವೂ ತಪ್ಪು.

1800ರಲ್ಲಿ ಬೆಂಗಳೂರಿನ ಬಳಿ ಅವರು ಅಂತಹ ಒಂದು ಗೆರೆಯನ್ನು ಅಳೆದರು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮಹಾ ಸರ್ವೆಯ ಗೆರೆಯನ್ನು ಅಳೆದರು. ಅದರ ಉದ್ದ ಸುಮಾರು ಏಳೂವರೆ ಮೈಲಿ, ಅಂದರೆ 40,000 ಅಡಿ. 100 ಅಡಿಯ ಉಕ್ಕಿನ ಸರಪಣಿಯನ್ನು 400 ಬಾರಿ ಹಾಸಬೇಕಾಯಿತು. ಇದಕ್ಕೆ 57 ದಿನಗಳು ಹಿಡಿದವು.

ಇಷ್ಟು ದಿನ ಏಕೆ? ಬಿಸಿಲಿಗೆ ಉಕ್ಕು ಹಿಗ್ಗುತ್ತದೆ! ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಸುಮಾರು 0.000012 ಭಾಗದಷ್ಟು. ಹತ್ತು ಡಿಗ್ರಿ ಏರಿದರೆ 40,000 ಅಡಿಯ ಅಳತೆಯಲ್ಲಿ 4.8 ಅಡಿ ವ್ಯತ್ಯಾಸವಾಗುತ್ತದೆ. ಆದ್ದರಿಂದ ಸರಪಣಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಪ್ರತಿ ಬಾರಿಯೂ ಬಿಸಿಯನ್ನು ಬರೆದುಕೊಂಡರು. ಅಳೆಯುವ ಸರಪಣಿ ಸವೆದಿದೆಯೇ ಎಂದು ಹೋಲಿಸಿ ನೋಡಲು ಬೇರೊಂದು ಸರಪಣಿಯನ್ನು ಜೋಪಾನವಾಗಿ ಇಟ್ಟಿದ್ದರು. ಅಡಿ ಎಂದು ಬರೆದರೆ ಸಾಲದು, ಅದು ಯಾವ ಅಡಿ, ಎಷ್ಟು ಬಿಸಿಯಲ್ಲಿ ಎಂಬುದೂ ತಿಳಿದಿರಬೇಕು.

ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅಡಿಯನ್ನು ಡಿಗ್ರಿಯಿಂದ ಗುಣಿಸಿ, ಮತ್ತೆ 'ಪ್ರತಿ ಡಿಗ್ರಿಗೆ' ಎಂಬ ಸಂಖ್ಯೆಯಿಂದ ಗುಣಿಸಿದ್ದೇವೆ. ಡಿಗ್ರಿಗೆ ಡಿಗ್ರಿ ಹೋಗಿ ಅಡಿ ಮಾತ್ರ ಉಳಿಯಿತು. ಉದ್ದ ಕೇಳಿದ್ದೆವು, ಉದ್ದವೇ ಬಂತು. ಆಯಾಮ ವಿಶ್ಲೇಷಣೆ ಎಂದರೆ ಇಷ್ಟೇ. ಈ ವಿಚಾರವನ್ನು ಫ್ರಾನ್ಸಿನ ಫೂರಿಯೆ 1822ರಲ್ಲಿ ಉಷ್ಣದ ಕುರಿತ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆದರೆ ಒಂದು ಎಚ್ಚರಿಕೆ: ಸೆಲ್ಸಿಯಸ್ ಬದಲು ಫ್ಯಾರನ್‌ಹೀಟ್ ಹಾಕಿದರೂ ಆಯಾಮ ಸರಿಯಾಗಿಯೇ ಕಾಣುತ್ತದೆ, ಉತ್ತರ ಮಾತ್ರ ತಪ್ಪುತ್ತದೆ. 1999ರಲ್ಲಿ ಅಮೆರಿಕದ ಮಂಗಳ ನೌಕೆಯೊಂದು ನಾಶವಾದದ್ದು ಇಂಥದ್ದೇ ಕಾರಣಕ್ಕೆ. ಒಂದು ತಂಡ ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ತಂಡ ನ್ಯೂಟನ್ ಎಂದು ಓದಿತ್ತು.

ಲ್ಯಾಂಬ್ಟನ್ ಅವರ ತ್ರಿಕೋನಗಳು ಮದರಾಸಿನಿಂದ ಪಶ್ಚಿಮಕ್ಕೆ ನಡೆದವು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಅಳೆದು ಪರೀಕ್ಷಿಸಿದಾಗ, ಲೆಕ್ಕಕ್ಕೂ ನೆಲದ ಅಳತೆಗೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ. ಮುಂದೆ ಘಟ್ಟ ದಾಟಿ ಸರ್ವೆ ನಮ್ಮ ಕರಾವಳಿಯ ಮಂಗಳೂರನ್ನು ತಲುಪಿತು. ಹಳೆಯ ನಕಾಶೆಗಳಲ್ಲಿ ಸುಮಾರು 400 ಮೈಲಿ ಅಗಲವಿದ್ದ ಪರ್ಯಾಯ ದ್ವೀಪ ನಿಜವಾಗಿ ಸುಮಾರು 360 ಮೈಲಿ ಮಾತ್ರ ಎಂದು ತಿಳಿಯಿತು. ಪಡುಬಿದ್ರಿಯಿಂದ ಮಂಗಳೂರಿಗೆ ಇರುವ ದೂರಕ್ಕಿಂತಲೂ ಹೆಚ್ಚಿನ ನೆಲ ಕಾಗದದ ಮೇಲೆ ಮಾತ್ರ ಇತ್ತು!

ಮುಂದೆ ಅವರು ಕನ್ಯಾಕುಮಾರಿ ಕಡೆಯಿಂದ ಉತ್ತರಕ್ಕೆ ಅಳೆಯುತ್ತಾ ಹೋದರು. 1808ರಲ್ಲಿ ತಂಜಾವೂರಿನಲ್ಲಿ ಅರ್ಧ ಟನ್ ತೂಕದ ಕೋನಮಾಪಕ ಯಂತ್ರ ಪೆಟ್ಟು ತಿಂದು ಕೆಟ್ಟಾಗ ತಾವೇ ದಿನಗಟ್ಟಲೆ ಕುಳಿತು ದುರಸ್ತಿ ಮಾಡಿದರು. 1823ರ ಜನವರಿ 20ರಂದು, ಸುಮಾರು ಎಪ್ಪತ್ತನೆಯ ವಯಸ್ಸಿನಲ್ಲಿ, ಕೆಲಸದ ದಾರಿಯಲ್ಲೇ ಇಂದಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ ನಿಧನರಾದರು. ಅವರ ಕೆಲಸವನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ ಅವರ ಹೆಸರು ಪರ್ವತದ ಮೇಲೆ ಉಳಿಯಿತು. ಲ್ಯಾಂಬ್ಟನ್ ಅವರನ್ನು ನೆನೆಯುವವರು ಕಡಿಮೆ.

ನಮ್ಮ ಹಿರಿಯರು ಅಕ್ಕಿಯನ್ನು ಸೇರು, ಮುಡಿಗಳಲ್ಲಿ ಅಳೆಯುತ್ತಿದ್ದರು. ಊರಿಂದೂರಿಗೆ ಸೇರು ಬದಲಾಗುತ್ತಿದ್ದುದರಿಂದ ಎಷ್ಟು ಸೇರಿನ ಮುಡಿ ಎಂದು ಕೇಳದೆ ವ್ಯಾಪಾರ ಕುದುರುತ್ತಿರಲಿಲ್ಲ. ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಅಳತೆಯಲ್ಲಿ ಒಂದೇ ಮಾತಿದ್ದರೆ ಕೊಡುವವನಿಗೂ ಕೊಳ್ಳುವವನಿಗೂ ನ್ಯಾಯ.

ಆದ್ದರಿಂದ ವಿದ್ಯಾರ್ಥಿಗಳೇ, ಪ್ರತಿ ಹಂತದಲ್ಲೂ ಏಕಮಾನ ಬರೆಯಿರಿ, ಎರಡೂ ಬದಿಯ ಆಯಾಮಗಳನ್ನು ಹೋಲಿಸಿ ನೋಡಿ. ಬರೀ 360 ಎಂದರೆ ಅದು ಅಂಕಿ. 360 ಮೈಲಿ ಎಂದಾಗ ಮಾತ್ರ ಅದು ಮದರಾಸಿನಿಂದ ಮಂಗಳೂರಿಗೆ ಇರುವ ದಾರಿ.