ಹಮ್ ಅನ್ನು ಮೈನಸ್ ಮಾಡಿದ ಎಂಜಿನಿಯರ್

ಟರ್ನ್‌ಟೇಬಲ್ ಇಟ್ಟುಕೊಂಡವರಿಗೆ ಈ ಸದ್ದು ಚೆನ್ನಾಗಿ ಗೊತ್ತು. ಹಾಡು ಶುರುವಾಗೋ ಮೊದಲೇ ಸ್ಪೀಕರಿನಿಂದ ಗುಂಯ್ ಅಂತ ಹಮ್! ಆ ಹಮ್‌ಗೆ ಮದ್ದು ಕೊಟ್ಟವರೂ, ರೆಕಾರ್ಡಿಗೆ ಸ್ಟೀರಿಯೋ ಕೊಟ್ಟವರೂ ಒಬ್ಬರೇ: ಅಲನ್ ಬ್ಲಮ್‌ಲೈನ್.

ಹುಟ್ಟಿದ್ದು 1903ರಲ್ಲಿ, ಲಂಡನ್ನಿನಲ್ಲಿ. 12 ವರ್ಷ ಆಗೋವರೆಗೂ ಅವರಿಗೆ ಸರಿಯಾಗಿ ಓದೋಕೆ ಬರ್ತಿರಲಿಲ್ಲವಂತೆ. ಆದರೂ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿನಲ್ಲಿ ಫಸ್ಟ್ ಕ್ಲಾಸ್ ಪಡೆದರು. 1924ರಲ್ಲಿ ಕೆಲಸಕ್ಕೆ ಸೇರಿ, ಒಂದು ಟೆಲಿಫೋನ್ ಲೈನಿನ ಮಾತು ಪಕ್ಕದ ಲೈನಿಗೆ ಸೋರೋದನ್ನು ತಡೆಯುವ ದಾರಿ ಹುಡುಕಿದರು.

1929ರಲ್ಲಿ ಕೊಲಂಬಿಯಾ ಗ್ರಾಫೋಫೋನ್ ಕಂಪನಿಗೆ ಬಂದರು. 1931ರಲ್ಲಿ ಅದು ಇಎಂಐ ಆಯ್ತು. ಅದೇ ಡಿಸೆಂಬರ್‌ನಲ್ಲಿ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದರು. ಒಂದೇ ಗ್ರೂವ್‌ನಲ್ಲಿ ಎರಡು ಚಾನೆಲ್ ಕೂರಿಸೋ ಉಪಾಯ ಅದರಲ್ಲೇ ಇತ್ತು.

1936ರಲ್ಲಿ ಬಂದದ್ದು ಲಾಂಗ್ ಟೇಲ್ಡ್ ಪೇರ್ ಸರ್ಕ್ಯೂಟ್. ಉದ್ದದ ಕೇಬಲ್‌ನ ಎರಡೂ ವೈರುಗಳಿಗೆ ಹೊರಗಿನ ಗಲಾಟೆ ಸುಮಾರು ಒಂದೇ ಸಮ ಸೇರುತ್ತೆ. ಎರಡರ ವ್ಯತ್ಯಾಸವನ್ನು ಮಾತ್ರ ಆಂಪ್ಲಿಫೈ ಮಾಡಿದರೆ ಗಲಾಟೆ ಕಳೆದು, ಸಿಗ್ನಲ್ ಉಳಿಯುತ್ತೆ.

ಟರ್ನ್‌ಟೇಬಲ್‌ನ ಕಾಯಿಲೆಯೂ ಇದೇ. ಕಾರ್ಟ್ರಿಡ್ಜ್‌ನಿಂದ ಬರೋದು ಕೆಲವೇ ಮಿಲಿವೋಲ್ಟ್. ಫೋನೋ ಪ್ರಿಆಂಪ್ ಬೇಸ್ ಅನ್ನು ಜಾಸ್ತಿ ಎತ್ತುತ್ತೆ, ಜೊತೆಗೆ 50 ಹರ್ಟ್ಸ್ ಹಮ್ ಕೂಡ ಏರುತ್ತೆ. ಸಾಮಾನ್ಯ ಆರ್‌ಸಿಎ ಕೇಬಲ್‌ನಲ್ಲಿ ಶೀಲ್ಡೇ ಸಿಗ್ನಲ್ ವಾಪಸ್ ಬರೋ ದಾರಿ. ಅದರಲ್ಲಿ ಹರಿಯೋ ಹಮ್ ನೇರವಾಗಿ ಹಾಡಿಗೆ ಸೇರುತ್ತೆ. ಅದಕ್ಕೇ ಮೊದಲು ಟರ್ನ್‌ಟೇಬಲ್‌ನ ಗ್ರೌಂಡ್ ವೈರ್ ಪ್ರಿಆಂಪ್ ಸ್ಕ್ರೂಗೆ ಬಿಗಿಯಾಗಿದೆಯಾ ನೋಡಿ. ಆಮೇಲೆ ಟ್ರಾನ್ಸ್‌ಫಾರ್ಮರ್ ಇರೋ ಪೆಟ್ಟಿಗೆಯನ್ನು ದೂರ ಇಡಿ. ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ, ಅದು ಜೀವದ ಪ್ರಶ್ನೆ. ಕಾರ್ಟ್ರಿಡ್ಜ್‌ನ ಎರಡೂ ತುದಿಗಳನ್ನು ಡಿಫರೆನ್ಷಿಯಲ್ ಇನ್‌ಪುಟ್‌ಗೆ ಕೊಡೋ ಪ್ರಿಆಂಪ್‌ಗಳೂ ಇವೆ. ಅವು ಬ್ಲಮ್‌ಲೈನ್ ದಾರಿಯಲ್ಲೇ ನಡೆಯುತ್ತವೆ.

1942ರ ಜೂನ್ 7ರಂದು, ಯುದ್ಧದ ಮಧ್ಯೆ, ಎಚ್2ಎಸ್ ರೇಡಾರ್ ಪರೀಕ್ಷಿಸುತ್ತಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಬಿತ್ತು. ಅದರಲ್ಲಿದ್ದ 11 ಜನರೂ ಸತ್ತರು. ಬ್ಲಮ್‌ಲೈನ್‌ಗೆ ಆಗ ಬರೀ 38 ವರ್ಷ, ಹೆಸರಲ್ಲಿ 128 ಪೇಟೆಂಟ್. ರೇಡಾರ್ ಗುಟ್ಟಾಗಿದ್ದರಿಂದ ಸಾವಿನ ಸುದ್ದಿಯನ್ನೂ ಮುಚ್ಚಿಟ್ಟರು. ಸ್ಟೀರಿಯೋ ರೆಕಾರ್ಡ್‌ಗಳು ಅಂಗಡಿಗೆ ಬರೋ ಹೊತ್ತಿಗೆ 1950ರ ದಶಕವೇ ಮುಗೀತಾ ಬಂದಿತ್ತು. ಅವರು ಅದನ್ನು ನೋಡಲೇ ಇಲ್ಲ.

ಲ್ಯಾಬಿನಲ್ಲಿ ನಾವು ಬ್ರೆಡ್‌ಬೋರ್ಡಿಗೆ ಚುಚ್ಚೋ 741 ಆಪ್‌ಆಂಪ್ ಇದೆಯಲ್ಲ, ಅದರ ಇನ್‌ಪುಟ್‌ನಲ್ಲಿ ಕೂತಿರೋದು ಅದೇ ಜೋಡಿ. ಅಲ್ಲಿ ವಾಲ್ವ್ ಇದ್ದ ಜಾಗದಲ್ಲಿ ಈಗ ಟ್ರಾನ್ಸಿಸ್ಟರ್, ಅಷ್ಟೇ.